ಬಚ್ಚಲ ಗೋಡೆಯೊಳಗಿನ ಕಂಬ

ಡೊಬ್, ಡೊಬ್, ಡೊಬ್... ಟಕ್.

ಕಣ್ಣು ಮುಚ್ಚಿದರೆ ಈಗಲೂ ಮೊದಲು ಕೇಳಿಸುವುದು ಅದೇ. ಬಚ್ಚಲಿನ ಗೋಡೆಯ ಮೇಲೆ ಆಕೆ ಬೆರಳ ಗೆಣ್ಣಿನಿಂದ ಬಡಿಯುತ್ತಾ ಹೋಗುವ ಸದ್ದು. ಡೊಬ್ ಎಂದರೆ ಒಳಗೆ ಬರೀ ಗಾಳಿ. ಟಕ್ ಎಂದರೆ ಅಲ್ಲಿ ಮರದ ಕಂಬ.

"ಕೇಳಿದ್ರಾ ಟೀಚರಮ್ಮ? ಡೊಬ್ ಅನ್ನೋದೆಲ್ಲ ನನ್ನ ಮರಿದಿ. ಟಕ್ ಅಂತೈತಲ್ಲ, ಅದು ನನ್ನ ಗಂಡ" ಅನ್ನುತ್ತಿದ್ದಳು.

ಮರಿದಿ ಅಂದರೆ ತೆಲುಗಿನಲ್ಲಿ ಮೈದುನ. ಮೊಳಕಾಲ್ಮೂರಿನ ನೇಯ್ಗೆಯವರ ಕೇರಿಯಲ್ಲಿ ಜಗಳ ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುತ್ತದೆ. ಆಕೆಯ ಮನೆಯಲ್ಲಿ ಮಾತ್ರ ಅದು ಮುಗಿಯಲೇ ಇಲ್ಲ.

ಆಕೆ ಹೋದ ಸುದ್ದಿ ಬಂದಾಗ ನಾನು ಚಳ್ಳಕೆರೆಯ ಬ್ಯಾಂಕಿನಲ್ಲಿ, ಪೆನ್ಷನ್ನಿಗೆಂದು, ನಾನಿನ್ನೂ ಬದುಕಿದ್ದೇನೆ ಎಂದು ತೋರಿಸಲು ಮೆಷಿನ್ನಿನ ಮೇಲೆ ಹೆಬ್ಬೆಟ್ಟು ಒತ್ತುತ್ತಿದ್ದೆ. ಸವೆದ ಬೆರಳು, ಮೆಷಿನ್ನು ಒಪ್ಪುತ್ತಿರಲಿಲ್ಲ. ಫೋನಿಟ್ಟು ಮತ್ತೆ ಒತ್ತಿದೆ. ಒಪ್ಪಿಕೊಂಡಿತು. ನನಗೇನೋ ಅವಮಾನವಾದ ಹಾಗಾಯಿತು.

ಸತ್ತವರ ಬಗ್ಗೆ ಒಳ್ಳೆಯದನ್ನೇ ಹೇಳಬೇಕು ಅನ್ನುವುದು ಮ್ಯಾನರ್ಸ್. ನಾನೂ ಆಕೆಯ ಬಗ್ಗೆ ಒಳ್ಳೆಯದನ್ನೇ ಹೇಳುತ್ತೇನೆ: ಆಕೆ ಯಾರನ್ನೂ ಕ್ಷಮಿಸಲಿಲ್ಲ.

ನಾನು ಮೊಳಕಾಲ್ಮೂರಿಗೆ ಹೋದದ್ದು ಹೆಣ್ಣುಮಕ್ಕಳ ಹೈಸ್ಕೂಲಿಗೆ ಇಂಗ್ಲಿಷ್ ಟೀಚರ್ ಆಗಿ. ಬಳ್ಳಾರಿಯ ಕಾನ್ವೆಂಟಿನಲ್ಲಿ ಓದಿದವಳು; ನ್ಯಾಪ್ಕಿನ್ ಮಡಿಸುವುದು, ಪಿಯಾನೋ ಮುಂದೆ ಬೆನ್ನು ನೆಟ್ಟಗಿಟ್ಟು ಕೂರುವುದು, ಕೆನ್ನೆಗೆ ಹೊಡೆದವರನ್ನು ಮನಸಾರೆ ಕ್ಷಮಿಸುವುದು, ಇವೆಲ್ಲ ಕಲಿತಿದ್ದೆ. ಊರಿನಲ್ಲಿ ಯಾವುದೂ ಉಪಯೋಗಕ್ಕೆ ಬರಲಿಲ್ಲ. ಆಕೆಯ ಮನೆಯ ಮುಂದಿನ ಕೋಣೆ ಬಾಡಿಗೆಗೆ ಸಿಕ್ಕಿತು. ನನಗಿಂತ ನಾಲ್ಕೈದು ವರ್ಷ ದೊಡ್ಡವಳು, ಅಕ್ಕ ಅಂದೆ. ಆಕೆ ಕೊನೆತನಕ ಟೀಚರಮ್ಮ ಎಂದೇ ಕರೆದಳು, ಬಹುವಚನ ಬಿಡಲಿಲ್ಲ.

ನಡುಮನೆಯಲ್ಲಿ ಗಂಡನ ಮಗ್ಗ. ಅವನು ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತರೆ ಬಾಯಿ ಬಿಡುತ್ತಿರಲಿಲ್ಲ. ಇಬ್ಬರ ಮಾತನ್ನೂ ಆಕೆಯೇ ಆಡುತ್ತಿದ್ದಳು. ಮಗ್ಗಕ್ಕೆ ಉದ್ದಕ್ಕೆ ಹೂಡಿದ ಒಂದು ಹಾಸು ಮುಗಿಯುತ್ತಾ ಬಂದಾಗ ಹೊಸ ಹಾಸಿನ ಎಳೆಗಳನ್ನು ಹಳೆಯ ಎಳೆಗಳ ತುದಿಗೆ ಒಂದೊಂದಾಗಿ ಹೊಸೆದು ಕೂಡಿಸಬೇಕು. ಅದು ಆಕೆಯ ಕೆಲಸ. ಪಕ್ಕದಲ್ಲಿ ಒಂದು ಚಿಪ್ಪಿನಲ್ಲಿ ಬೂದಿ. ಬೆರಳಿಗೆ ಬೂದಿ ಮುಟ್ಟಿಸುವುದು, ಎರಡು ಎಳೆ ಹಿಡಿಯುವುದು, ಒಂದು ತಿರುವು. ಗಂಟಿಲ್ಲ, ಅಂಟಿಲ್ಲ. ಕೇರಿಯಲ್ಲಿ ಯಾರ ಮನೆಯಲ್ಲಿ ಹಾಸು ಮುಗಿದರೂ ಆಕೆಗೆ ಕರೆ ಬರುತ್ತಿತ್ತು. ಹಾಗಾಗಿ ಯಾವ ಮಗ್ಗದ ಮೇಲೆ ಯಾವ ಬಣ್ಣದ ಸೀರೆ ಇದೆ, ಯಾವ ಮಗ್ಗ ಯಾಕೆ ನಿಂತಿದೆ, ಎಲ್ಲ ಆಕೆಯ ನಾಲಿಗೆ ತುದಿಯಲ್ಲಿ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆಕೆಯ ಸೇಡಿನ ಮೊದಲ ಸ್ಯಾಂಪಲ್ ನಾನು ನೋಡಿದ್ದು ಕಾಫಿಯಲ್ಲಿ. ಸೀರೆ ಕೊಳ್ಳಲು ಬರುತ್ತಿದ್ದ ವ್ಯಾಪಾರಿಯೊಬ್ಬ ಒಮ್ಮೆ ಅವಳ ಗಂಡ ನೇಯ್ದ ಸೆರಗು ನೋಡಿ "ಯಾಕೋ ಸಪ್ಪೆ ಐತಲ್ಲಪ್ಪ" ಅಂದಿದ್ದನಂತೆ. ಗಂಡ ತಲೆ ತಗ್ಗಿಸಿದ. ಆಕೆ ತಗ್ಗಿಸಲಿಲ್ಲ. ಅವತ್ತಿನಿಂದ ಆ ವ್ಯಾಪಾರಿ ಬಂದಾಗಲೆಲ್ಲ ಸಕ್ಕರೆ ಇಲ್ಲದ ಕಾಫಿ. ಅವನು ಮುಖ ಹಿಂಡಿಕೊಂಡು, "ಸಕ್ರೆ ಮರ್ತ್ರೇನಮ್ಮ?" ಅಂದರೆ, "ನಿಮಗೆ ಸಪ್ಪೆ ಯಾವುದು, ಸಿಹಿ ಯಾವುದು ಚೆನ್ನಾಗಿ ಗೊತ್ತಾಗ್ತದಲ್ಲ ಅಣ್ಣಾ, ಅದಕ್ಕೆ" ಅನ್ನುತ್ತಿದ್ದಳು. ವರ್ಷಗಟ್ಟಲೆ ಹೀಗೇ ನಡೆಯಿತು. ಅವನ ಮಗಳ ಮದುವೆ ಕರೆಯೋಲೆ ತಂದ ದಿನವೂ ಸಪ್ಪೆಯೇ. ಲೋಟ ಮಾತ್ರ ಬೆಳ್ಳಿಯದು.

ನಾನು ಮದುವೆಯಾಗಿ ಚಳ್ಳಕೆರೆಗೆ ಬಂದೆ. ಎಣ್ಣೆ ಮಿಲ್ಲಿನ ಹಿಂಡಿ ವಾಸನೆಗೆ ಒಗ್ಗಿಕೊಂಡೆ, ಮುದುಕಿಯಾದೆ, ವಿಧವೆಯಾದೆ. ಆಕೆಯೂ ವಿಧವೆಯಾದಳು. ಮಕ್ಕಳಿರಲಿಲ್ಲ. ಗಂಡನ ತಮ್ಮ ಅಷ್ಟರಲ್ಲಿ ನೇಯುವುದು ಬಿಟ್ಟು ಸೀರೆ ಮಾರುವವನಾಗಿದ್ದ. ಕೈಗೆ ಉಂಗುರ, ಹಣೆಗೆ ಉದ್ದ ಕುಂಕುಮ, ಮಾತಿಗೊಮ್ಮೆ "ನಮ್ಮ ತಾತನ ಕಾಲದಿಂದ". ಅಣ್ಣನ ವರ್ಷಾಬ್ದಿಕ ಮುಗಿಯುವ ಮೊದಲೇ ಅಣ್ಣನ ಮಗ್ಗವನ್ನು ಕಳಚಿ, ಯಾವುದೋ ರೆಸಾರ್ಟಿನವರಿಗೆ ಶೋಗೆಂದು ಮಾರಿದ. ಮಗ್ಗದ ಗುಂಡಿ ಮುಚ್ಚಿಸಿದ. ನಡುಮನೆಗೆ ಅಡ್ಡಲಾಗಿ ಗೋಡೆ ಎಬ್ಬಿಸಿದ. ಬೀದಿಗಿದ್ದ ಅರ್ಧ ಅವನ ಸೀರೆ ಅಂಗಡಿ. ಹಿತ್ತಲಿಗಿದ್ದ ಅರ್ಧ ಆಕೆಯದು. ಆ ಗೋಡೆಗೆ ಒತ್ತಿಕೊಂಡೇ ಆಕೆಗೊಂದು ಬಚ್ಚಲು.

ಗೋಡೆ ಅಂದೆ. ಅದು ಇಟ್ಟಿಗೆಯದಲ್ಲ, ಜಿಪ್ಸಮ್ ಬೋರ್ಡಿನದು. ತಗಡಿನ ಪಟ್ಟಿ ನಿಲ್ಲಿಸಿ, ಎರಡೂ ಕಡೆ ಬಿಳಿ ಹಲಗೆ ಬಡಿದು, ಮೇಲೆ ಪುಟ್ಟಿ ಬಳಿದರೆ ಗೋಡೆ ರೆಡಿ. ಹಲಗೆಯೆಂದರೆ ಎರಡು ಕಾಗದದ ನಡುವೆ ಒತ್ತಿದ ಸುಣ್ಣದ ಹಿಟ್ಟಿನಂಥದ್ದು. ಆಫೀಸುಗಳಲ್ಲಿ ಸರಿ. ಬಚ್ಚಲಿಗೆ ಹಾಕುವುದಾದರೆ ನೀರಿಗೆ ತಡೆಯುವ ಹಸಿರು ಬೋರ್ಡೇ ಬೇರೆ ಇದೆ. ಅವನು ಹಾಕಿಸಿದ್ದು ಬಿಳಿಯದು.

ಆ ಗೋಡೆಯೊಳಗೆ ಒಂದೇ ಒಂದು ನಿಜವಾದ ವಸ್ತು ಇತ್ತು: ಮಗ್ಗದ ಕಂಬ. ಅಟ್ಟದ ತೊಲೆಗೂ ಅದೇ ಆಧಾರ, ಹಾಗಾಗಿ ಮಾರಲು ಬರಲಿಲ್ಲ. ಅಂಗಡಿಯ ಕಡೆ ಅದು ಅರ್ಧ ಹೊರಗೆ ಉಬ್ಬಿಕೊಂಡಿತ್ತು, ಅವನು ಅದಕ್ಕೆ ಚಿನ್ನದ ಬಣ್ಣ ಬಳಿಸಿದ್ದ. ಬಚ್ಚಲ ಕಡೆ ಬೋರ್ಡಿನ ಹಿಂದೆ ಮುಚ್ಚಿಹೋಗಿತ್ತು. ಆಕೆ ಬಡಿದು ಬಡಿದು ಅದನ್ನು ಹುಡುಕಿಟ್ಟುಕೊಂಡಿದ್ದಳು.

ಆ ಕಂಬಕ್ಕೆ ಅವರ ಮನೆಯಲ್ಲೊಂದು ನೇಮ. ಅದಕ್ಕೆ ಕಬ್ಬಿಣ ತಾಗಿಸುವ ಹಾಗಿಲ್ಲ. ಕಟ್ಟುವುದಿದ್ದರೆ ಹಗ್ಗ, ತೂಗುಹಾಕುವುದಿದ್ದರೆ ಮರದ ಗೂಟ. ಮಗ್ಗದ ಹತ್ತಿರ ಮೊಳೆಯಿದ್ದರೆ ರೇಷ್ಮೆ ಎಳೆ ಸಿಕ್ಕಿ ಹರಿಯುತ್ತದೆ ಎಂದು ಹಿರಿಯರು ಮಾಡಿದ್ದಿರಬೇಕು. ಆಕೆಯ ಅತ್ತೆಯ ಕಾಲಕ್ಕೆ ಅದು ದೇವರ ಮಾತಾಗಿತ್ತು. ಮಗ್ಗ ಹೋದಮೇಲೂ ಆಕೆ ಅದನ್ನು ಬಿಡಲಿಲ್ಲ.

ಆಕೆಯ ಮೊಣಕಾಲು ಹಿಡಿದುಕೊಳ್ಳತೊಡಗಿದಾಗ ಮೈದುನ ದೊಡ್ಡ ಮನಸ್ಸು ಮಾಡಿದ. "ವದಿನಾ, ನಿನಗೂ ವಯಸ್ಸಾತು. ಸ್ಟೂಲಿಂದ ಏಳಾಕೆ ಹಿಡ್ಕಣಾಕೆ ಒಂದು ಸ್ಟೀಲ್ ರಾಡು ಹಾಕಿಸ್ತೀನಿ." ವದಿನ ಅಂದರೆ ಅತ್ತಿಗೆ. ಆಕೆ, "ಹಾಕ್ಸು. ಕಂಬಕ್ಕೆ ಮಾತ್ರ ಮೊಳೆ ಬ್ಯಾಡ" ಅಂದಳು. ಅವನು ಕಂಬದಿಂದ ಗೇಣು ಈಚೆಗೆ, ಬರೀ ಬೋರ್ಡಿಗೆ, ಪ್ಲಾಸ್ಟಿಕ್ ಪ್ಲಗ್ಗು ತುರುಕಿ ರಾಡು ಹಾಕಿಸಿದ. ನೋಡಲು ಸ್ಟಾರ್ ಹೋಟೆಲಿನ ಹಾಗಿತ್ತು. ಅಂಗಡಿಗೆ ಬಂದವರಿಗೆಲ್ಲ ಹೇಳಿಕೊಂಡ, "ನಮ್ಮ ಅತ್ತಿಗೆನ ತಾಯಿ ತರ ನೋಡ್ಕಂತೀನಿ."

ಒಂದು ಬೆಳಿಗ್ಗೆ ತಾಯಿ ರಾಡು ಹಿಡಿದು ಎದ್ದಳು. ರಾಡು ಬಂತು, ಹಿಂದೆ ರೊಟ್ಟಿ ಅಗಲದ ಗೋಡೆಯೂ ಬಂತು. ಆಕೆ ಬಲಗೈ ಮೇಲೆ ಬಿದ್ದಳು.

ಮಣಿಕಟ್ಟು ಮುರಿದಿತ್ತು. ಕಟ್ಟು ಬಿಚ್ಚಿದಾಗ ಕೈ ಸೊಟ್ಟಗೆ ಕೂಡಿಕೊಂಡಿತ್ತು. ಊಟಕ್ಕೆ ತೊಂದರೆ ಇಲ್ಲ, ಬಳೆಗೆ ತೊಂದರೆ ಇಲ್ಲ. ಎಳೆ ಹೊಸೆಯುವ ಆ ಒಂದು ತಿರುವು ಮಾತ್ರ ಬರಲಿಲ್ಲ. ನಾನು ನೋಡಲು ಹೋದಾಗ ಬೂದಿಯ ಚಿಪ್ಪು ಮುಂದಿಟ್ಟುಕೊಂಡು, ತನ್ನ ಸೆರಗಿನಿಂದಲೇ ಎರಡು ಎಳೆ ಕಿತ್ತು, ಹೊಸೆಯುತ್ತಿದ್ದಳು. ಬಿಚ್ಚಿಕೊಂಡವು. ಮತ್ತೆ ಹೊಸೆದಳು. ಬಿಚ್ಚಿಕೊಂಡವು. ಚಿಪ್ಪಿನ ಬೂದಿಯನ್ನು ಹಿತ್ತಲಿಗೆ ಹೋಗಿ ಸುರಿದು ಬಂದು ಹೇಳಿದಳು: "ಕಾಲು ಮುರಿದಿದ್ರೆ ಬಿಡ್ತಿದ್ದೆ ಟೀಚರಮ್ಮ. ಕೈ ತಗಂಡ್ನಲ್ಲ. ಇವನ್ನ ಬಿಡಂಗಿಲ್ಲ."

ಕ್ಷಮೆಯ ಬಗ್ಗೆ ನಾನು ಕಲಿತ ಪಾಠ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಐ ಆಮ್ ಗ್ಲ್ಯಾಡ್ ಐ ಡಿಡ್.

ಮೈದುನನ ಲೆಕ್ಕ ಬೇರೆ ಇತ್ತು. ಕುಲದ ಹಿರಿಯರನ್ನು ಕರೆತಂದ. "ಹೀಗೆ ಬಿದ್ಕಂಡ್ರೆ ಯಾರು ನೋಡ್ಕಂತಾರೆ? ರಾಯದುರ್ಗದಾಗಿರೋ ತನ್ನ ತಂಗಿ ಮನೆಗೆ ಹೋಗ್ಲಿ. ಬೇಕಾದ್ರೆ ನಾನೇ ಕಾರು ಮಾಡಿ ಬಿಟ್ಟು ಬರ್ತೀನಿ." ಆಕೆ ಹೋದರೆ ಹಿಂದಿನ ಅರ್ಧವೂ ಅಂಗಡಿಗೆ ಸೇರುತ್ತದೆ, ಎಲ್ಲರಿಗೂ ಗೊತ್ತಿತ್ತು. ಆಕೆ ಹಿರಿಯರನ್ನು ನೇರ ಬಚ್ಚಲಿಗೆ ಕರೆದುಕೊಂಡು ಹೋಗಿ ತೂತಿನ ಮುಂದೆ ನಿಲ್ಲಿಸಿದಳು.

"ನೋಡ್ರಪ್ಪ, ಬಿದ್ದಿದ್ದು ನಾನಲ್ಲ, ಇವನ ಗೋಡೆ. ಬಿದ್ದೋರು ಊರು ಬಿಡಬೇಕು ಅಂದ್ರೆ ಗೋಡೆನೇ ಕಳಿಸ್ರಿ ರಾಯದುರ್ಗಕ್ಕೆ."

ಹಿರಿಯರು ನಕ್ಕರು. ನಗಿಸಿದವರ ಪರ ತೀರ್ಪು ಬಂತು. ಬಚ್ಚಲು ಗಟ್ಟಿ ಮಾಡಿಕೊಡು, ಆಕೆ ಇಲ್ಲೇ ಇರಲಿ ಅಂದರು. ಮೈದುನ ಆಯ್ತು ಅಂದ. ಮಾಡಲಿಲ್ಲ. ನಾಳೆ, ನಾಡಿದ್ದು, ಹುಣ್ಣಿಮೆ ಕಳೀಲಿ. ಆಕೆ ತಾನೇ ಸೋತು ಹೊರಡುತ್ತಾಳೆ ಎಂದು ಕಾಯುತ್ತಿದ್ದ.

ಆಕೆ ಹಿತ್ತಲಿನಲ್ಲಿ ಹಳೇ ಸೀರೆ ಅಡ್ಡ ಕಟ್ಟಿಕೊಂಡು ಸ್ನಾನ ಮಾಡತೊಡಗಿದಳು. ನನಗೆ ತಡೆಯಲಾಗಲಿಲ್ಲ. "ಅಕ್ಕ, ನಾನೇ ಚಳ್ಳಕೆರೆಯಿಂದ ಯಾರನ್ನಾದರೂ ಕರೆದುಕೊಂಡು ಬರ್ತೀನಿ. ಹಿತ್ತಲ ಕಲ್ಲು ಜಾರುತ್ತೆ. ಇನ್ನೊಂದು ಸಲ ಬಿದ್ದರೆ ಅವನು ಹೇಳಿದ್ದೇ ಆಗುತ್ತೆ."

"ಬ್ಯಾಡ. ಕಿತ್ತವನೇ ಕೂಡಿಸ್ಬೇಕು. ತಾನೇ, ತನ್ನ ಕೈಯಾರೆ."

"ಅವನು ಯಾಕೆ ಮಾಡ್ತಾನೆ?"

"ಮಾಡ್ತಾನೆ. ಬರ್ರಿ ಇಲ್ಲಿ" ಎಂದು ಬಚ್ಚಲಿಗೆ ಎಳೆದೊಯ್ದು ಸ್ಟೂಲಿನ ಮೇಲೆ ಕೂರಿಸಿದಳು. ಆಮೇಲೆ ತುಟಿಯ ಮೇಲೆ ಬೆರಳಿಟ್ಟಳು.

ಈ ಕಡೆಯ ಹಲಗೆ ಕಿತ್ತುಹೋಗಿದ್ದರಿಂದ ಉಳಿದದ್ದು ಅಂಗಡಿಯ ಕಡೆಯ ಒಂದೇ ತೆಳು ಹಲಗೆ. ಅಲ್ಲಿ ಗಿರಾಕಿ ಬಳೆ ಸರಿಸಿದರೂ ಇಲ್ಲಿ ಕೇಳಿಸುತ್ತಿತ್ತು. ಮೈದುನ ಯಾರಿಗೋ ಸೀರೆ ಬಿಚ್ಚಿ ತೋರಿಸುತ್ತಿದ್ದ. "ಅಪ್ಪಟ ಕೈಮಗ್ಗ ತಾಯಿ. ಇಲ್ಲೇ ಮೂಲೆ ಮನೆ ಮಗ್ಗದಾಗೆ ಹೋದ ವಾರ ಇಳಿದಿದ್ದು."

ಆಕೆ ತೂತಿಗೆ ಬಾಯಿ ಹಚ್ಚಿದಳು. "ಮೂಲೆ ಮನೆ ಮಗ್ಗ ಎರಡು ತಿಂಗಳಿಂದ ಮಲಗೈತಲ್ಲೋ! ಸೊಸೆ ಹೆತ್ತವಳೆ, ಮಗ್ಗದ ಮೇಲೆ ತೊಟ್ಲು ಕಟ್ಟವ್ರೆ!"

ಆಚೆ ಅವನು ಜೋರಾಗಿ ಕೆಮ್ಮಿದ.

"ಅಂಚು ನೋಡು ತಾಯಿ," ಆಕೆ ಮುಂದುವರಿಸಿದಳು, ಪಕ್ಕದಲ್ಲೇ ಕೂತು ಹೇಳುವವಳ ಹಾಗೆ. "ಕೈಯಾಗೆ ನೇಯೋವಾಗ ಬಟ್ಟೆ ಅಗಲ ಹಿಡಿಯಾಕೆ ಮುಳ್ಳಿನ ಕಡ್ಡಿ ಕೊಟ್ಟಿರ್ತಾರೆ. ಅಂಚಿನುದ್ದಕ್ಕೂ ಸೂಜಿ ಚುಚ್ಚಿದಂಗೆ ಗುರುತು ಇರ್ತಾವೆ. ಐತಾ? ಇಲ್ಲ ಅಲ್ಲ? ಹಂಗಾದ್ರೆ ಅದು ಕರೆಂಟಿನ ಮಗ್ಗದ್ದು. ಉಟ್ಕೋ, ತಪ್ಪಿಲ್ಲ. ಕೈಮಗ್ಗ ಅಂತ ಮಾತ್ರ ಉಟ್ಕೋಬ್ಯಾಡ."

ಗೋಡೆಯ ಆಚೆ ಒಂದು ಹೆಂಗಸು ಕಿಸಕ್ಕನೆ ನಕ್ಕದ್ದು, ಮೆಟ್ಟಿಲಿಳಿದದ್ದು, ಚಪ್ಪಲಿ ಮೆಟ್ಟಿದ್ದು, ಎಲ್ಲ ಕೇಳಿಸಿತು. ಆಕೆ ನನ್ನ ಕಡೆ ತಿರುಗಿದಳು. ಹೊಸ ಸೀರೆ ಉಟ್ಟವಳಂಥ ಮುಖ.

ಅವತ್ತಿನಿಂದ ಅವನಿಗೆ ಗೋಡೆಯ ಚಿಂತೆ ಹತ್ತಿತು. ಪುಟ್ಟಿ ಡಬ್ಬಿ ಕೊಟ್ಟು ಯಾರನ್ನೋ ಕಳಿಸಿದ. ಆಕೆ ಬಾಗಿಲಲ್ಲೇ ತಡೆದಳು: "ನೀನು ಕಿತ್ತಿದ್ದಾ? ಇಲ್ವಲ್ಲ? ಹೋಗಪ್ಪ, ಊಟದ ಹೊತ್ತು." ಅಂಗಡಿಯಲ್ಲಿ ರೇಡಿಯೋ ಜೋರಾಗಿ ಹಾಕಿದ. ಆಕೆ ರೇಡಿಯೋಕ್ಕಿಂತ ಜೋರಾಗಿ ಸುಪ್ರಭಾತ ಹೇಳಿದಳು.

ನಾನು ಹೋದಾಗಲೆಲ್ಲ ಆಕೆಗೆ ಇಂಗ್ಲಿಷ್ ಬೇಕಾಗುತ್ತಿತ್ತು. ಕನ್ನಡ, ತೆಲುಗು ಎರಡರಲ್ಲಿ ಬೈದರೂ ಮೈದುನನಿಗೆ ಅರ್ಥವಾಗುತ್ತದೆ, ತಿರುಗಿಸಿ ಬೈಯುತ್ತಾನೆ. "ಮಾನಗೆಟ್ಟೋನು ಅನ್ನಾಕೆ ನಿಮ್ಮ ಕಾನ್ವೆಂಟಿನಾಗೆ ಏನಂತಾರೆ?"

"ಶೇಮ್‌ಲೆಸ್ ಫೆಲೋ."

"ಇಷ್ಟೇನಾ? ಇನ್ನೂ ಕಾರ ಇರೋದು ಇಲ್ವಾ?"

ಕಾನ್ವೆಂಟಿನಲ್ಲಿ ನಾವು ಹೊದಿಕೆಯ ಕೆಳಗೆ ಪಿಸುಗುಟ್ಟಿಕೊಂಡ ಪದಗಳೆಲ್ಲ ಅಷ್ಟು ವರ್ಷದ ಮೇಲೆ ಕೆಲಸಕ್ಕೆ ಬಂದವು. ಆಕೆ ಅವನ್ನು ಗೋಡೆಗೆ ಮುಖ ಮಾಡಿ, ಒಂದೊಂದಾಗಿ, ಮಂತ್ರ ಹೇಳುವ ಹಾಗೆ ಹೇಳುತ್ತಿದ್ದಳು. ಆಚೆಯಿಂದ ಅವನು, "ಟೀಚರಮ್ಮ, ಏನಂತಾಳೆ ಅವಳು?" ಎಂದು ಕೂಗುತ್ತಿದ್ದ. "ಪ್ರೇಯರ್" ಅನ್ನುತ್ತಿದ್ದೆ ನಾನು.

ಮದುವೆ ಸೀಸನ್ನು ಬಂತು. ಬಳ್ಳಾರಿಯ ಕಡೆಯ ದೊಡ್ಡ ಮನೆತನದವರು ಇಡೀ ಮದುವೆಯ ಸೀರೆ ನೋಡಲು ಬರುವವರಿದ್ದರು. ಮೈದುನ ಅತ್ತಿಗೆಯ ಬಾಗಿಲಿಗೆ ಬಂದು ಕೈಮುಗಿದ. ಆಕೆ ಎರಡು ಕಂಡೀಷನ್ ಹಾಕಿದಳು. ಅವನೇ ಮಾಡಬೇಕು, ಆಳು ಮುಟ್ಟಕೂಡದು. ಟೀಚರಮ್ಮ ಸಾಕ್ಷಿ ಇರಬೇಕು. ಅದಕ್ಕೆ ಬದಲು ಅವನೂ ಒಂದು ಕೇಳಿದ: ಗೋಡೆ ಮುಚ್ಚಿದ ಮೇಲೆ ಗಿರಾಕಿಗಳ ಹತ್ತಿರ ಬಾಯಿ ಬಿಡಕೂಡದು. ಆಕೆ ತಾಳಿಯಿಲ್ಲದ ಕೊರಳು ಮುಟ್ಟಿ ಮಾತು ಕೊಟ್ಟಳು: "ನನ್ನ ಬಾಯಿಂದ ಒಂದು ಮಾತೂ ಬರಲ್ಲ."

ಸಾಮಾನಿನ ಜವಾಬ್ದಾರಿ ನಾನು ತೆಗೆದುಕೊಂಡೆ. ಮತ್ತೆ ಬಿಳಿ ಬೋರ್ಡು ತಂದುಬಿಟ್ಟಾನು ಎಂಬ ಭಯ. ದೊಡ್ಡಉಳ್ಳಾರ್ತಿಯ ಕಡೆ ವಿಜ್ಞಾನ ಸಂಸ್ಥೆಗಳ ಹೊಸ ಕ್ಯಾಂಪಸ್ಸುಗಳು ಎದ್ದಮೇಲೆ ಚಳ್ಳಕೆರೆಯಲ್ಲಿ ಇಂಥದ್ದೆಲ್ಲ ಸಿಗುತ್ತದೆ. ಹಾರ್ಡ್‌ವೇರ್ ಅಂಗಡಿಯವನ ಹತ್ತಿರ ಹೇಗೆ ಮಾಡುವುದೆಂದು ಬಾಯಿಪಾಠ ಮಾಡಿಕೊಂಡು, ಹಸಿರು ಬೋರ್ಡಿನ ಚೌಕವೊಂದನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತೆ. ತಳಕು ದಾಟುವಾಗ ಕಂಡಕ್ಟರ್ ಕೇಳಿದ, "ಏನಜ್ಜಿ, ಗೋಡೆ ತಗಂಡೇ ಹೊಂಟಿಯಲ್ಲ?" "ಹೌದಪ್ಪ," ಅಂದೆ, "ಒಬ್ಬನಿಗೆ ತಿನ್ನಿಸೋದಿದೆ."

ಆ ದಿನವನ್ನು ನಾನು ಹೇಗೆ ಮರೆಯಲಿ! ಮೈದುನ ಪಂಚೆ ಎತ್ತಿಕಟ್ಟಿ ಬಚ್ಚಲಲ್ಲಿ ಮಂಡಿಯೂರಿದ. ಉಂಗುರಗಳನ್ನು ಬಿಚ್ಚಿಸಿ ಆಕೆ ಸೋಪಿನ ಡಬ್ಬಿಯಲ್ಲಿ ಹಾಕಿಸಿದಳು. ತಾನು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕಾಫಿ ಕುಡಿಯುತ್ತಾ ಕೂತಳು. ನಾನು ಡಿಕ್ಟೇಷನ್ ಕೊಟ್ಟೆ.

ಮೊದಲು ಹಾಳಾದದ್ದನ್ನೆಲ್ಲ ಚಾಕುವಿನಿಂದ ಚೌಕಾಕಾರಕ್ಕೆ ಕತ್ತರಿಸಿ ತೆಗೆಯಬೇಕು. ನೀರು ಕುಡಿದ ಬೋರ್ಡು ಚಹಾದಲ್ಲಿ ಅದ್ದಿದ ರಸ್ಕಿನ ಹಾಗೆ ಉದುರಿತು. "ಇನ್ನೂ ಐತೆ. ಮೆತ್ತಗಿರೋದೆಲ್ಲ ತೆಗಿ. ಒಣಗಿರೋದು ಸಿಗೋವರೆಗೂ ತೆಗಿ" ಅಂದಳು ಆಕೆ. ಅವನು ತೆಗೆಯುತ್ತಾ ಹೋದಂತೆ ಒಂದು ಬದಿಯಲ್ಲಿ ಕಂಬ ಕಂಡಿತು. ವರ್ಷಗಟ್ಟಲೆ ಕೈಯಾಡಿ ನುಣುಪಾದ ಕಪ್ಪು ಮರ. ಒಂದು ಕಡೆ ಹಗ್ಗ ಉಜ್ಜಿ ಉಜ್ಜಿ ಬಿದ್ದ ಹಳ್ಳ.

ಅವನ ಕೈ ನಿಂತಿತು. "ಇದಕ್ಕೇ ಹಾಕಿದ್ರೆ ಅವತ್ತೇ ಬೀಳ್ತಿರ್ಲಿಲ್ಲ ವದಿನಾ" ಅಂದ, ತಿರುಗದೆ. "ನೀನೇ ಬ್ಯಾಡ ಅಂದಿ."

ಇಷ್ಟು ತಿಂಗಳು ಯಾರೂ ಆಡದ ಮಾತು ಅದು, ಸುಳ್ಳೂ ಅಲ್ಲ.

ಆಕೆ ಲೋಟ ಕೆಳಗಿಟ್ಟಳು. "ಹೂಂ, ಅಂದೆ. ಕಂಬಕ್ಕೆ ಬ್ಯಾಡ ಅಂದೆ. ಹಪ್ಪಳಕ್ಕೆ ಹಾಕು ಅಂದ್ನೇನೋ?" ಸ್ವಲ್ಪ ಹೊತ್ತು ಕಂಬವನ್ನೇ ನೋಡಿದಳು. "ಈಗ ಅಂತೀನಿ ಕೇಳು. ಕಂಬಕ್ಕೇ ಹಾಕು."

"ಅವ್ವನ ಮಾತು..."

"ಮಗ್ಗ ಮಾರಿದ ದಿನ ಅವ್ವ ನೆನಪಾಗ್ಲಿಲ್ಲ, ಈಗ ಆದ್ಲಾ? ಇದರ ಹತ್ರ ಇನ್ನು ಯಾವ ಎಳೆ ಐತೋ ಹರಿಯಾಕೆ? ಹಾಕು. ಕಬ್ಬಿಣ ಇಳಿಸೋ ಪಾಪ ನಿನ್ನ ಕೈಗೇ ಇರ್ಲಿ. ಮೊದಲು ಮುಟ್ಟಿ ನಮಸ್ಕಾರ ಮಾಡು."

ಮಗ್ಗಕ್ಕೆ ಕೂರುವ ಮುಂಚೆ ನೇಯುವವರು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರಲ್ಲ, ಹಾಗೆ ಅವನು ಮುಟ್ಟಿ ಒತ್ತಿಕೊಂಡ. ಹುಡುಗನಾಗಿ ಅಣ್ಣನ ಪಕ್ಕ ಕೂತು ನೇಯ್ದವನು ತಾನೆ. ಅವನ ಕಿವಿಗಳು ಕೆಂಪಾಗಿದ್ದವು. ಅಳುತ್ತಿದ್ದನೋ, ಸಿಟ್ಟೋ, ನನಗೆ ತಿಳಿಯದು. ಆಕೆಗೆ ತಿಳಿಯುವುದು ಬೇಕೂ ಇರಲಿಲ್ಲ. ಬೇಗ, ಬೇಗ ಅಂದಳು.

ತೂತಿನ ಅಂಚುಗಳ ಹಿಂದೆ ಮರದ ಪಟ್ಟಿ ಕೊಟ್ಟು ಬಿಗಿದ. ಹಸಿರು ಬೋರ್ಡನ್ನು ಅಳತೆಗೆ ಗೀರಿ, ಮುರಿದು, ಕೂರಿಸಿದ. ಸಂದಿಗೆ ಜಾಳಿಗೆ ಟೇಪು ಅಂಟಿಸಿ ಪುಟ್ಟಿ ಎಳೆದ. ಒಣಗಲು ಬಿಟ್ಟು ಮಾರನೇ ದಿನ ಮರಳುಕಾಗದದಿಂದ ಉಜ್ಜಿದ. ಆಕೆ ಎಡಗೈ ಹೆಬ್ಬೆರಳು ಆಡಿಸಿ ನೋಡಿ, "ಇಲ್ಲಿ ಗಂಟು ಸಿಗ್ತೈತೆ. ಇನ್ನೊಂದು ಸಲ" ಅಂದಳು. ಮತ್ತೆ ಬಳಿದ, ಮತ್ತೆ ಒಣಗಿಸಿ ಉಜ್ಜಿದ, ನೀರು ತಡೆಯುವ ಬಣ್ಣ ಹೊಡೆದ. ಕೊನೆಗೆ ರಾಡು. ಈ ಸಲ ಅಡ್ಡ ಅಲ್ಲ, ನೆಟ್ಟಗೆ, ಎರಡೂ ತುದಿ ಕಂಬದ ಮೇಲೆ ಬರುವ ಹಾಗೆ. ಮೊದಲು ಸಣ್ಣ ತೂತು, ಆಮೇಲೆ ಬೆರಳುದ್ದದ ಸ್ಟೀಲ್ ಸ್ಕ್ರೂ. ಕೊರೆದಾಗ ಮರದ ಪುಡಿ ಬಚ್ಚಲ ನೆಲಕ್ಕೆ ಉದುರಿತು, ಆ ಮನೆಯಲ್ಲಿ ನಾನು ಮೊದಲ ದಿನ ಕಾಲಿಟ್ಟಾಗಿನ ವಾಸನೆ ಬಂತು. ರಾಡಿನ ಬುಡದ ಸುತ್ತ ಸಿಲಿಕಾನ್ ಹಚ್ಚಿಸಿದೆ, ನೀರು ಒಳಗಿಳಿಯದಿರಲಿ ಎಂದು.

"ಆತು" ಅಂದ, ಸೊಂಟ ಹಿಡಿದು ಎದ್ದು.

"ಜೋತು ಬೀಳು."

"ಆಂ?"

"ನಿನ್ನ ಪೂರ್ತಿ ಭಾರ ಬಿಡು. ನಾನು ಬಿಟ್ಟಂಗೆ."

ಊರ ಸಾಹುಕಾರ, ಬಚ್ಚಲಲ್ಲಿ, ರಾಡು ಹಿಡಿದು, ಮಂಡಿ ಮಡಚಿ ಜೋತುಬಿದ್ದ. ರಾಡು ಕದಲಲಿಲ್ಲ. ಸಾಕಾ ಎಂದು ನೋಡಿದ. ಆಕೆ ಕಾಫಿ ಲೋಟ ಎತ್ತಿಕೊಂಡಳು. ಆರಿ ಹೋಗಿದ್ದ ಕಾಫಿಯನ್ನು ಅಷ್ಟು ನಿಧಾನವಾಗಿ ಕುಡಿದವರನ್ನು ನಾನು ಬೇರೆ ನೋಡಿಲ್ಲ.

ನನ್ನ ಮಟ್ಟಿಗೆ ಸೇಡು ಅಲ್ಲಿಗೆ ಮುಗಿದಿತ್ತು. ಬಚ್ಚಲು ಗಟ್ಟಿಯಾಯಿತು, ಆಕೆ ಇನ್ನು ರಾಯದುರ್ಗಕ್ಕೆ ಹೋಗಬೇಕಿಲ್ಲ, ಅವನು ಮಂಡಿಯೂರಿದ. ಫುಲ್ ಮಾರ್ಕ್ಸ್. ಆಕೆಯನ್ನು ನಾನು ಇನ್ನೂ ಅರ್ಥ ಮಾಡಿಕೊಂಡಿರಲಿಲ್ಲ.

ಮುಂದಿನ ಸಲ ಹೋದಾಗ ಆಕೆ ಸ್ನಾನ ಮುಗಿಸಿದ್ದರೂ ಬಚ್ಚಲಲ್ಲೇ ಸ್ಟೂಲಿನ ಮೇಲೆ ಕೂತಿದ್ದಳು. ಸೊಟ್ಟ ಬಲಗೈಯಲ್ಲಿ ಹಿತ್ತಾಳೆ ಚೊಂಬು. ಗೋಡೆ ಮುಚ್ಚಿದ್ದರೂ ಬೋರ್ಡು ಬೋರ್ಡೇ; ಅವನ ವ್ಯಾಪಾರದ ದನಿ ಈಚೆಗೆ ಬರುತ್ತಲೇ ಇತ್ತು. "ಅಪ್ಪಟ ಕೈಮಗ್ಗ..." ಅಂದ. ಆಕೆ ಚೊಂಬಿನ ಬುಡದಿಂದ ರಾಡಿಗೆ ಮೆಲ್ಲಗೆ ಒಂದು ತಾಗಿಸಿದಳು. ಈಚೆ ಠಣ್ ಎಂದದ್ದು ಕಂಬದೊಳಗೆ ಹಾಯ್ದು ಆಚೆ ಅಂಗಡಿಯ ನಡುವೆ ಟಕ್ ಎಂದಿತು.

ಆಮೇಲೆ ಅವನ ದನಿ, ಹಲ್ಲು ಕಚ್ಚಿಕೊಂಡು: "...ಅಂತ ಕೆಲವರು ಮಾರ್ತಾರೆ ತಾಯಿ. ಇದು ಪವರ್‌ಲೂಮು. ಕೈಮಗ್ಗದ್ದು ಈ ಕಡೆ ಐತೆ, ತೋರಿಸ್ತೀನಿ."

ಗಿರಾಕಿ ಹೋದಮೇಲೆ ಅವನು ಹಿಂದಿನ ಬಾಗಿಲಿಗೆ ಓಡಿಬಂದ. "ಮಾತು ಕೊಟ್ಟಿದ್ದಿ ವದಿನಾ!"

"ಮಾತಾಡಿದ್ನಾ ಟೀಚರಮ್ಮ?" ಆಕೆ ನನ್ನನ್ನು ಕೇಳಿದಳು. "ಮುದುಕಿ ಕೈ, ಸೊಟ್ಟ ಬೇರೆ. ಚೊಂಬು ತಾಗ್ತೈತೆ. ರಾಡು ಎಲ್ಲಿ ಹಾಕ್ಬೇಕು ಅಂತ ನೀನೇ ಹೇಳಿದ್ದಲ್ಲಪ್ಪ?"

ಮೊದಲೇ ಯೋಚಿಸಿದ್ದಳೋ, ಚೊಂಬು ನಿಜವಾಗಿ ಒಮ್ಮೆ ತಾಗಿ ಹೊಳೆಯಿತೋ, ಕೇಳಿದರೆ ನಗುತ್ತಿದ್ದಳು. ಕೊನೆಯವರೆಗೂ ಅದೇ ಆಕೆಯ ಕೆಲಸವಾಯಿತು. ಕೇರಿಯ ಹಾಸುಗಳನ್ನು ಕೂಡಿಸಲಾಗದ ಕೈ ಅವನ ಸುಳ್ಳುಗಳನ್ನು ಕಡಿಯುತ್ತಾ ಕೂತಿತು. ಊರಲ್ಲಿ ಅವನ ಅಂಗಡಿಗೆ ಸಾಚಾ ಅಂಗಡಿ ಎಂದು ಹೆಸರೂ ಬಂತು. ಅದಕ್ಕಾಗಿ ಅವನು ಆಕೆಯನ್ನು ಇನ್ನಷ್ಟು ದ್ವೇಷಿಸಿದ. ಆಕೆಗೆ ಅದೂ ಖುಷಿಯೇ.

ಒಂದು ದಿನ ಸ್ನಾನ ಮಾಡಿ, ರಾಡು ಹಿಡಿದು ಎದ್ದು, ತಲೆ ಒರೆಸಿಕೊಂಡು, ಮಂಚಕ್ಕೆ ಹೋಗಿ ಒರಗಿದಳಂತೆ. ಅಷ್ಟೆ. ಬೀಳಲಿಲ್ಲ. ಅವಳ ಮನೆಯಲ್ಲೇ ಹೋದಳು. ಇದನ್ನು ನಾನು ಒತ್ತಿ ಹೇಳುತ್ತೇನೆ.

ತಿಂಗಳ ಮೇಲೆ ಮೊಳಕಾಲ್ಮೂರಿಗೆ ಹೋದೆ. ಅಂಗಡಿ ದೊಡ್ಡದಾಗಿತ್ತು. ಬೋರ್ಡಿನ ಗೋಡೆ ತೆಗೆದು, ಬಚ್ಚಲು ತೆಗೆದು, ನೆಲಕ್ಕೆ ಟೈಲ್ಸು ಹಾಕಿಸಿದ್ದ. ನಡುವೆ ಕಂಬ ಒಂಟಿಯಾಗಿ ನಿಂತಿತ್ತು. ಮುಂದೆ ಚಿನ್ನದ ಬಣ್ಣ, ಹಿಂದೆ ಸ್ಟೀಲ್ ರಾಡು, ರಾಡಿನ ಬುಡದಲ್ಲಿ ಸಿಕ್ಕಿಕೊಂಡ ಅಂಗೈ ಅಗಲದ ಹಸಿರು ಬೋರ್ಡಿನ ಚೂರು.

"ಬಿಚ್ಚಾಕೆ ಬರ್ತಿಲ್ಲ ಟೀಚರಮ್ಮ" ಅಂದ ಮೈದುನ, ನಾನು ನೋಡುವುದನ್ನು ನೋಡಿ. "ಉದ್ದ ಸ್ಕ್ರೂ ಅಂದ್ರಲ್ಲ ನೀವು. ಮರ ಕಚ್ಕಂಡುಬಿಟ್ಟೈತೆ." ಸೊರಗಿದ್ದ. ಸೂತಕದ ಗಡ್ಡ ಇನ್ನೂ ತೆಗೆದಿರಲಿಲ್ಲ. "ಅವಳ ನೆನಪಿಗೆ ಏನಾರ ತಗಂಡೋಗ್ರಿ. ಸೀರೆ ಕೊಡ್ಲಾ?"

"ಚೊಂಬು ಕೊಡು" ಅಂದೆ.

ಒಂದು ಕ್ಷಣ ನನ್ನ ಮುಖ ನೋಡಿ, ಒಳಗಿನಿಂದ ತಂದುಕೊಟ್ಟ. ಅಷ್ಟರಲ್ಲಿ ಮದುಮಗಳನ್ನು ಕರೆದುಕೊಂಡು ಒಂದು ಕುಟುಂಬ ಬಂತು. ನಾನು ಕಂಬದ ಹಿಂದಿನ ಸ್ಟೂಲಿನ ಮೇಲೆ ಕೂತೆ, ಬಸ್ಸಿಗೆ ಇನ್ನೂ ಹೊತ್ತಿತ್ತು. ಅವನು ನನ್ನನ್ನು ಮರೆತ. ಗಿಳಿಹಸಿರು ಸೀರೆಯೊಂದನ್ನು ತೋಳಿನ ಮೇಲೆ ಹರವಿ, "ಅಪ್ಪಟ..." ಅಂದವನು ಅಲ್ಲೇ ನಿಂತ. ತಲೆ ಸ್ವಲ್ಪ ವಾಲಿತು, ಕೇಳಿಸಿಕೊಳ್ಳುವವರ ಹಾಗೆ. ಏನೂ ಬರಲಿಲ್ಲ. ಅವನ ಭುಜ ಇಳಿಯಿತು, ಬೆನ್ನು ನೆಟ್ಟಗಾಯಿತು. ಅಷ್ಟು ದಿನದ ಮೇಲೆ ಮೊದಲ ಬಾರಿಗೆ ಅವನು ಹಾಯಾಗಿ ನಕ್ಕದ್ದನ್ನು ನೋಡಿದೆ. "ಅಪ್ಪಟ ಕೈಮಗ್ಗ ತಾಯಿ. ನಮ್ಮ ತಾತನ ಕಾಲದಿಂದ..."

ಅಂಚು ನಾನಿದ್ದಲ್ಲಿಗೂ ಕಾಣುತ್ತಿತ್ತು. ಗಾಜಿನ ಹಾಗೆ ನುಣುಪು, ಒಂದು ಚುಚ್ಚೂ ಇಲ್ಲ.

ಚೊಂಬು ನನ್ನ ಮಡಿಲಲ್ಲಿತ್ತು. ಬೆನ್ನು ನೆಟ್ಟಗೆ ಮಾಡಿದೆ, ಪಿಯಾನೋ ಮುಂದೆ ಕೂತಂತೆ. ರಾಡಿಗೆ ಒಂದೇ ಒಂದು ಸಲ ತಾಗಿಸಿದೆ.

ಟಕ್.

ಸೀರೆ ಅವನ ತೋಳಿನಿಂದ ಜಾರಿತು. ನನ್ನ ಕಡೆ ತಿರುಗಲಿಲ್ಲ. ಬಚ್ಚಲು ಇದ್ದ ಕಡೆಗೆ, ಆಕೆ ಕೂರುತ್ತಿದ್ದ ಎತ್ತರಕ್ಕೆ ಸರಿಯಾಗಿ, ಬರಿಗಾಳಿಗೆ ಕೈಮುಗಿದ. ನಾನು ಚೊಂಬನ್ನು ಬ್ಯಾಗಿಗೆ ಹಾಕಿಕೊಂಡು ಮೆಟ್ಟಿಲಿಳಿಯುವಾಗ, ಗಿರಾಕಿಗಳ ಎದುರಿಗೇ, ಅವನು ಹೇಳುತ್ತಿದ್ದ:

"ಹೇಳ್ತೀನಿ ವದಿನಾ. ಹೇಳ್ತೀನಿ."